ಕೋಣೆಯೂ ಮನೆಯೂ: ಕನ್ನಡ ಸತ್ಯವೇದದ ಕೆಲವು ಮಾತುಗಳ ವಿಮರ್ಶೆ

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ನೆರೆಮನೆಯವರಾದ ಒಬ್ಬ ನಿವೃತ್ತ ಉಪಾಧ್ಯಾಯರುಂಟು. ಅವರು ಕ್ರೈಸ್ತರು; ಕನ್ನಡದಲ್ಲಿ ಒಳ್ಳೆಯ ಅಭಿರುಚಿಯುಳ್ಳವರು. ಬೆಳಗಿನ ಜಾವದಲ್ಲಿ ಎದ್ದು, ಕೋಣೆಯ ಬಾಗಿಲನ್ನು ಹಾಕಿಕೊಂಡು, ಸ್ವಲ್ಪ ಹೊತ್ತು ಸತ್ಯವೇದವನ್ನು ಓದಿ, ಆಮೇಲೆ ಅಷ್ಟೇ ಹೊತ್ತು ಏನನ್ನೂ ಬೇಡದೆ ಸುಮ್ಮನೆ ಕುಳಿತಿರುವುದು ಅವರ ಬಹುಕಾಲದ ನಿಯಮ. ಪತ್ನೀವಿಯೋಗವಾದ ತರುವಾಯ ಅವರು ಭಾನುವಾರದ ಆರಾಧನೆಗೆ ಹೋಗುವುದನ್ನು ಬಿಟ್ಟರು. ನಾನು ಕಾರಣವನ್ನು ಕೇಳಿದಾಗ, “ಸ್ವಾಮಿ, ತಂದೆಯು ಅಂತರಂಗದಲ್ಲಿರುವನೆಂದು ನಮ್ಮ ಗ್ರಂಥವೇ ಹೇಳುತ್ತದೆ. ಅಂತರಂಗದವನನ್ನು ಕಾಣುವುದಕ್ಕೆ ಸಭೆಯ ಹಂಗೇಕೆ?” ಎಂದರು.

ಆ ಮತದ ಒಳವಿಚಾರಗಳನ್ನು ತೀರ್ಮಾನಿಸುವ ಅಧಿಕಾರವು ನನಗಿಲ್ಲ. ಆದರೆ ಅವರ ಪ್ರಶ್ನೆಯು ಎರಡು ಕನ್ನಡ ಶಬ್ದಗಳ ಮೇಲೆ ನಿಂತಿದೆ: ಅಂತರಂಗ, ಸಭೆ. ಶಬ್ದದ ವಿಚಾರವೆಂದ ಮೇಲೆ ಸಾಹಿತ್ಯದ ಓದುಗನೂ ನಾಲ್ಕು ಮಾತುಗಳನ್ನು ಆಡಬಹುದು. ಮೇಲಾಗಿ, ಇದು ನಮ್ಮ ಊರಿಗೆ ಹೊರತಾದ ಸಂಗತಿಯೂ ಅಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು 1810ರಲ್ಲಿ ಬಳ್ಳಾರಿಗೆ ಬಂದು ನೆಲಸಿ, ಕನ್ನಡವನ್ನು ಕಲಿತು, ವಿಲಿಯಂ ರೀವನ ಸಹಾಯದಿಂದ ಇಡೀ ಬೈಬಲನ್ನು ಕನ್ನಡಿಸಿದನು. ಆ ಗ್ರಂಥವು 1831ರಲ್ಲಿ ಈ ಊರಿನಲ್ಲಿಯೇ ಅಚ್ಚಾಗಿ ಹೊರಬಿದ್ದಿತು. ಅನಂತರ ಅದು ಹಲವರ ಕೈಗಳಲ್ಲಿ ಪರಿಷ್ಕೃತವಾಯಿತು. ನಮ್ಮ ನೆರೆಯವರು ಓದುವುದೂ ನಾನಿಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದೂ ಹಾಗೆ ಪರಿಷ್ಕೃತವಾಗಿ, ‘ಸತ್ಯವೇದವು’ ಎಂಬ ಹೆಸರಿನಿಂದ ಇಂದಿಗೂ ಮನೆಮನೆಗಳಲ್ಲಿ ಬಳಕೆಯಲ್ಲಿರುವ ಹಳೆಯ ಪಾಠವನ್ನು.

ಮೊದಲು ಅಂತರಂಗವೆಂಬ ಮಾತನ್ನು ನೋಡೋಣ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಪ್ರಾರ್ಥನೆಯ ವಿಷಯವಾಗಿ ಬೋಧೆಯುಂಟು. ಬೀದಿಯ ಮೂಲೆಗಳಲ್ಲಿ ಹತ್ತು ಜನ ನೋಡಲೆಂದು ಪ್ರಾರ್ಥಿಸುವವರನ್ನು ಅಲ್ಲಿ ನಿಂದಿಸಿ, ಕೋಣೆಯೊಳಕ್ಕೆ ಹೋಗಿ ಬಾಗಿಲನ್ನು ಮುಚ್ಚಿಕೊಳ್ಳಬೇಕೆಂದು ವಿಧಿಸಿದೆ. ತಂದೆಯಿರುವ ಸ್ಥಾನವನ್ನು ಹೇಳುವಲ್ಲಿ ಗ್ರೀಕ್ ಮೂಲದಲ್ಲಿರುವ ಶಬ್ದಕ್ಕೆ ಮರೆ, ಗುಟ್ಟು ಎಂದಿಷ್ಟೇ ಅರ್ಥ. ಭಾಷಾಂತರಕಾರರು ‘ಗುಟ್ಟಿನಲ್ಲಿ’ ಎಂದು ಬರೆದಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ಆದರೆ ಆ ಮಾತು ಕನ್ನಡದ ಕಿವಿಗೆ ಕಳವಿನ ವಾಸನೆಯನ್ನು ತರುತ್ತಿತ್ತು. ಅವರು ‘ಅಂತರಂಗ’ವೆಂಬ ಮಾತನ್ನು ಆರಿಸಿದರು. ಈ ಒಂದು ಆಯ್ಕೆಯಿಂದ, ಮುಚ್ಚಿದ ಬಾಗಿಲಿನ ಹಿಂದಣ ಕೋಣೆಯು ಮನುಷ್ಯನ ಎದೆಯೊಳಗಣ ಕೋಣೆಯಾಯಿತು. ಅಂತರಂಗ ಬಹಿರಂಗಗಳೆಂಬ ಜೋಡಿಯನ್ನು ಶಿವಶರಣರ ವಚನಗಳಲ್ಲಿ ಕೇಳುತ್ತ ಬೆಳೆದ ನಾಡಿಗೆ ಈ ಬೋಧೆಯು ಪರದೇಶದ ಸರಕಾಗಿ ಉಳಿಯಲಿಲ್ಲ. ಧ್ಯಾನಮಾರ್ಗದ ಒಂದು ಬಾಗಿಲನ್ನು ಭಾಷಾಂತರಕಾರರು ಒಂದೇ ಶಬ್ದದಿಂದ ತೆರೆದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ವಚನಗಳು ಅಚ್ಚಿನ ಮೂಲಕ ಕನ್ನಡ ಓದುಗರಿಗೆಲ್ಲ ದೊರೆತುದು ಬಹಳ ತಡವಾಗಿ, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಪ್ರಕಟವಾದುದು 1923ರಲ್ಲಿ. ಅದೇ ಹಳಕಟ್ಟಿಯವರು 1926ರಲ್ಲಿ ನಮ್ಮ ಬಳ್ಳಾರಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾಗಿದ್ದರು. ಪುಸ್ತಕವು ಬರುವ ಮೊದಲೇ ಶರಣರ ಮಾತು ಜನರ ನಾಲಗೆಯ ಮೇಲಿದ್ದುದರಿಂದ ಸತ್ಯವೇದದ ಕನ್ನಡವು ಅದನ್ನು ಅಲ್ಲಿಂದಲೇ ಎತ್ತಿಕೊಳ್ಳಬಹುದಾಗಿದ್ದಿತು.

ಇನ್ನು ಸಭೆ. ಕ್ರಿಸ್ತಭಕ್ತರ ಸಮುದಾಯಕ್ಕೆ ಗ್ರೀಕಿನಲ್ಲಿರುವ ಶಬ್ದದ ಮೂಲಾರ್ಥವು, ಕರೆಯಲ್ಪಟ್ಟು ಹೊರಬಂದು ಕೂಡಿದವರು ಎಂಬುದು. ಅದಕ್ಕೆ ‘ಸಭೆ’ಯೆಂಬುದು ನ್ಯಾಯವಾದ ಪ್ರತಿಶಬ್ದವೇ. ಆದರೂ ಆ ಶಬ್ದದ ಕನ್ನಡ ಸಂಸ್ಕಾರವನ್ನು ಗಮನಿಸಬೇಕು. ಸಭೆಯೆಂದೊಡನೆ ನಮಗೆ ಅಧ್ಯಕ್ಷರೂ ಭಾಷಣಗಳೂ ವಂದನಾರ್ಪಣೆಯೂ ನೆನಪಿಗೆ ಬರುತ್ತವೆ. ಸಭೆಯು ಕೂಡುತ್ತದೆ, ಮುಗಿಯುತ್ತದೆ, ಚದರುತ್ತದೆ. ಮುಗಿದ ಮೇಲೆ ಒಬ್ಬರ ನೋವು ಇನ್ನೊಬ್ಬರಿಗೆ ತಿಳಿಯಬೇಕೆಂಬ ಕಟ್ಟಿಲ್ಲ. ಬಾಳಿನ ಕೂಡುವಿಕೆಯನ್ನು ಹೇಳುವುದಕ್ಕೆ ಸತ್ಯವೇದದಲ್ಲಿ ‘ಅನ್ಯೋನ್ಯತೆ’ಯೆಂಬ ಇನ್ನೊಂದು ಮಾತುಂಟು. ಅದು ಸೊಗಸಾದ ಮಾತು. ಮೂಲದ ಶಬ್ದಕ್ಕಿರುವ ಪಾಲುಗಾರಿಕೆಯ ಅರ್ಥವು, ಅಂದರೆ ಅನ್ನವನ್ನೂ ದುಃಖವನ್ನೂ ಹಂಚಿಕೊಳ್ಳುವುದೆಂಬುದು, ಅದರಲ್ಲಿ ಸ್ವಲ್ಪ ತೆಳುವಾಗಿದೆ. ಅನ್ಯೋನ್ಯವೆಂದರೆ ನಮಗೆ ಗಂಡಹೆಂಡಿರ ಹೊಂದಿಕೆಯೇ ಮೊದಲು ಹೊಳೆಯುತ್ತದೆ. ಆ ಹೊಂದಿಕೆಯನ್ನು ಕಳೆದುಕೊಂಡ ಮುದುಕರೊಬ್ಬರಿಗೆ ಸಭೆಯ ಅನ್ಯೋನ್ಯತೆಯೆಂಬ ಮಾತು ಹೇಗೆ ಕೇಳಿಸೀತು?

ಈ ಎರಡು ಶಬ್ದಗಳ ನಡುವೆ ಕೊಂಡಿಯಾಗಬೇಕಾಗಿದ್ದ ಮೂರನೆಯ ಶಬ್ದವೊಂದುಂಟು. ಈ ಲೇಖನದ ಮುಖ್ಯ ವಿಚಾರವು ಅದರ ಮೇಲೆಯೇ. ಪೌಲನು ತನ್ನ ಪತ್ರಗಳಲ್ಲಿ, ಭಕ್ತರು ಒಬ್ಬರಿಂದೊಬ್ಬರು ಬೆಳೆಯುವುದನ್ನು ಹೇಳುವಾಗ ಮೇಲಿಂದ ಮೇಲೆ ಬಳಸುವ ಗ್ರೀಕ್ ಶಬ್ದಕ್ಕೆ ‘ಮನೆ ಕಟ್ಟುವುದು’ ಎಂದರ್ಥ. ಸತ್ಯವೇದದಲ್ಲಿ ಅದಕ್ಕೆ ಬಹಳ ಕಡೆ ‘ಭಕ್ತಿವೃದ್ಧಿ’ಯೆಂದು ಹಾಕಿದ್ದಾರೆ. ಈ ಶಬ್ದದ ಗುಣವನ್ನು ಮೊದಲು ಒಪ್ಪಿಕೊಳ್ಳತಕ್ಕುದು. ಏನು ಬೆಳೆಯಬೇಕೆಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಪ್ರತಿಯೊಂದು ಕಡೆಯಲ್ಲಿಯೂ ‘ಮನೆಯನ್ನು ಕಟ್ಟಿರಿ’ ಎಂದು ಬರೆದಿದ್ದರೆ, ಓದುಗನು ಕಲ್ಲು ಗಾರೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದನೇನೋ! ಇಂಗ್ಲಿಷಿನ ‘ಎಡಿಫಿಕೇಷನ್’ ಎಂಬ ಶಬ್ದವೂ ಲ್ಯಾಟಿನ್ನಿನ ಮನೆಯಿಂದಲೇ ಹುಟ್ಟಿ, ಹುಟ್ಟಿದ ಮನೆಯನ್ನು ಮರೆತುಬಿಟ್ಟಿದೆ. ನಮ್ಮ ಭಾಷಾಂತರಕಾರರನ್ನು ಮಾತ್ರ ದೂರುವುದು ನ್ಯಾಯವಲ್ಲ.

ಆದರೂ ನಷ್ಟವು ಸಣ್ಣದಲ್ಲ. ವೃದ್ಧಿಯು ಒಬ್ಬನಲ್ಲಿ ಆಗಬಹುದು; ಬಾಗಿಲನ್ನು ಮುಚ್ಚಿಕೊಂಡವನಿಗೂ ಭಕ್ತಿಯು ವೃದ್ಧಿಯಾಗಬಹುದು. ಮನೆಯನ್ನು ಕಟ್ಟುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯು ಹುಟ್ಟಿದುದು ಈ ಅನುಭವದಿಂದಲೇ. ಅಡಿಪಾಯವನ್ನು ತೋಡುವವನು ಒಬ್ಬ, ಕಲ್ಲನ್ನು ಕೆತ್ತುವವನು ಒಬ್ಬ, ತೊಲೆಯನ್ನು ಏರಿಸುವವರು ನಾಲ್ವರು. ಒಂದು ಕಲ್ಲು ಇನ್ನೊಂದರ ಭಾರವನ್ನು ಹೊರುತ್ತದೆ. ತನ್ನ ಭಾರವನ್ನು ಮತ್ತೊಂದರ ಮೇಲೆ ಇಡುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಈ ಭೇದವನ್ನೇ ಹಿಡಿದು ವಾದಿಸುತ್ತಾನೆ. ಇತರರಿಗೆ ಅರ್ಥವಾಗದ ವಾಣಿಯಲ್ಲಿ ದೇವರೊಡನೆ ಮಾತನಾಡುವವನು ತನ್ನೊಬ್ಬನನ್ನೇ ಕಟ್ಟಿಕೊಳ್ಳುತ್ತಾನೆ, ತಿಳಿಯುವಂತೆ ಆಡುವವನು ಎಲ್ಲರನ್ನೂ ಕಟ್ಟುತ್ತಾನೆ ಎಂಬುದು ಅಲ್ಲಿಯ ತಾತ್ಪರ್ಯ. ಮೊದಲನೆಯದನ್ನು ಅವನು ತಪ್ಪೆಂದು ಹೇಳುವುದಿಲ್ಲ, ಸಾಲದೆಂದು ಹೇಳುತ್ತಾನೆ. ಕನ್ನಡದಲ್ಲಿ ಎರಡು ಕಡೆಯಲ್ಲಿಯೂ ಭಕ್ತಿವೃದ್ಧಿಯೇ ಆದುದರಿಂದ ವಾದದ ಹುರಿಯು ಸಡಿಲವಾಗಿದೆ. ಪೇತ್ರನ ಪತ್ರದಲ್ಲಿ, ಭಕ್ತರನ್ನು ಜೀವವುಳ್ಳ ಕಲ್ಲುಗಳಿಗೆ ಹೋಲಿಸಿರುವೆಡೆಯಲ್ಲಿ, ಮನೆಯ ರೂಪಕವು ಕನ್ನಡದಲ್ಲಿಯೂ ಚೆನ್ನಾಗಿ ಉಳಿದಿದೆ. ಆದರೆ ಪೌಲನ ಮಾತಿಗೂ ಅದಕ್ಕೂ ಇರುವ ನಂಟು ಓದುಗನಿಗೆ ಕಾಣುವುದಿಲ್ಲ.

ಹೀಗಾಗಿ ನಮಗೆ ಕೋಣೆಯು ದೊರೆಯಿತು, ಸಭಾಮಂದಿರವು ದೊರೆಯಿತು. ಎರಡನ್ನೂ ಕೂಡಿಸುವ ಮನೆಯು ಕಣ್ಮರೆಯಾಯಿತು. ಪ್ರಾರ್ಥನೆಯ ಆ ಬೋಧೆಯಲ್ಲಿ ಬರುವ ಗ್ರೀಕ್ ಶಬ್ದವಾದರೂ ಮನೆಯ ಒಳಗಣ ಉಗ್ರಾಣದ ಕೋಣೆಯನ್ನು ಹೇಳುತ್ತದೆ. ದವಸಧಾನ್ಯವಿರುವ ಆ ಕೋಣೆಯ ಬಾಗಿಲನ್ನು ಎಷ್ಟೇ ಭದ್ರವಾಗಿ ಮುಚ್ಚಿದರೂ ಅದು ಮನೆಯವರೆಲ್ಲರ ಊಟಕ್ಕೆ ಸೇರಿದ ಕೋಣೆ. ಅಲ್ಲಿ ಒಬ್ಬನು ಪಡೆದುದು ಪಡಸಾಲೆಗೆ ಬಂದೇ ತೀರಬೇಕು. ನಮ್ಮ ನೆರೆಯವರ ಪ್ರಶ್ನೆಯು ಹುಟ್ಟಿದುದು ಅವರ ದುಃಖದಿಂದಲೇ ಹೌದಾದರೂ, ಅದಕ್ಕೆ ಮಾತನ್ನು ಒದಗಿಸಿದುದು ಈ ಭಾಷಾಂತರವೆಂದು ನನಗೆ ತೋರುತ್ತದೆ.

ಈ ಪ್ರಶ್ನೆಯು ಕ್ರೈಸ್ತ ಜಗತ್ತಿನಲ್ಲಿ ಬಹಳ ಹಳೆಯದು. ಮೂರು ನಾಲ್ಕನೆಯ ಶತಮಾನಗಳಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಆಂಟನಿಯೆಂಬ ತಪಸ್ವಿಯು ಏಕಾಂತವನ್ನು ಹಿಡಿದನು. ಅದೇ ಕಾಲದಲ್ಲಿ ಪಕೋಮಿಯನು ತಪಸ್ವಿಗಳನ್ನು ಒಂದೆಡೆ ಕೂಡಿಸಿ ಮಠಗಳನ್ನು ಕಟ್ಟಿದನು. ಕೈಸರೈಯದ ಬಸೀಲನು ಈ ಎರಡು ಮಾರ್ಗಗಳನ್ನು ತೂಗಿ ನೋಡಿ, ಒಬ್ಬಂಟಿಗನಾಗಿ ಬಾಳುವವನು ಯಾರ ಪಾದಗಳನ್ನು ತೊಳೆದಾನು ಎಂಬ ಅಭಿಪ್ರಾಯದ ಪ್ರಶ್ನೆಯನ್ನು ಹಾಕಿದನು. ತನ್ನ ದೋಷವನ್ನು ತೋರಿಸಿಕೊಡುವ ನೆರೆಯವನಿಲ್ಲದಿದ್ದರೆ ತಾಳ್ಮೆಯಾಗಲಿ ವಿನಯವಾಗಲಿ ತನ್ನಲ್ಲಿರುವುದೋ ಇಲ್ಲವೋ ತಿಳಿಯುವ ಬಗೆಯೇ ಇಲ್ಲವೆಂಬುದು ಅವನ ವಾದ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಬೋನ್‌ಹೋಫರನು 1939ರಲ್ಲಿ ಪ್ರಕಟಿಸಿದ ಸಹಜೀವನದ ಕುರಿತ ಪುಸ್ತಕದಲ್ಲಿ ಇದರ ಎರಡು ಮಗ್ಗುಲುಗಳನ್ನೂ ತೋರಿಸಿದನು: ಏಕಾಂತವನ್ನು ತಾಳಲಾರದವನು ಸಮುದಾಯಕ್ಕೆ ಹೊರೆ, ಸಮುದಾಯವನ್ನು ತಾಳಲಾರದವನಿಗೆ ಏಕಾಂತವೇ ಅಪಾಯ.

ಆದರೆ ಇದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಉತ್ತಂಗಿಯೆಂಬ ಗ್ರಾಮವು ಹೂವಿನಹಡಗಲಿ ತಾಲ್ಲೂಕಿನದು. ಆ ಊರಿನ ಹೆಸರನ್ನು ಹೊತ್ತ ಚನ್ನಪ್ಪನವರು (1881–1962) ಬಾಸೆಲ್ ಮಿಷನ್ನಿನ ಪಾದ್ರಿಗಳು. ಹಳ್ಳಿಹಳ್ಳಿಗಳನ್ನು ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಅವರೇ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಅನುಭವಮಂಟಪವು ಕವಿಕಲ್ಪನೆಯೆಂದು ಕೆಲವರು ಸಂದೇಹಿಸಿದಾಗ, ಅದು ಐತಿಹಾಸಿಕವೆಂದು ಸಾಧಿಸುವುದಕ್ಕೆ ಅವರು ಒಂದು ಗ್ರಂಥವನ್ನೇ ಬರೆದರು. ಕ್ರೈಸ್ತ ಪಾದ್ರಿಯೊಬ್ಬರು ಕಲ್ಯಾಣದ ಮಂಟಪಕ್ಕಾಗಿ ಇಷ್ಟು ಶ್ರಮಪಟ್ಟುದೇಕೆ? ಪಾಂಡಿತ್ಯದ ಆಸಕ್ತಿಯಷ್ಟೇ ಅದಕ್ಕೆ ಕಾರಣವೆಂದು ನನಗೆ ತೋರುವುದಿಲ್ಲ. ಒಬ್ಬೊಬ್ಬರ ಒಳಗಣ ಅರಿವನ್ನು ಹತ್ತು ಜನರ ನಡುವೆ ಇಟ್ಟು, ಒರೆಗೆ ಹಚ್ಚಿ, ತಿದ್ದಿಕೊಂಡು ಬೆಳೆಯುವ ಸ್ಥಳವೊಂದು ಈ ನೆಲದಲ್ಲಿ ನಿಜವಾಗಿ ಇದ್ದಿತೆಂಬುದು ಅವರಿಗೆ ಬೇಕಾಗಿದ್ದಿತು. ತಮ್ಮ ಗ್ರಂಥದ ಮನೆಯನ್ನು ಅವರು ಕನ್ನಡದ ಮಂಟಪದಲ್ಲಿ ಗುರುತಿಸಿದರೆಂದು ನಾನು ಊಹಿಸುತ್ತೇನೆ.

ಅದನ್ನು ಆಚರಣೆಯಲ್ಲಿ ತರುವ ಪ್ರಯತ್ನವೂ ಕನ್ನಡನಾಡಿನಲ್ಲಿ ನಡೆದಿದೆ. ಕ್ಯಾಥೊಲಿಕ್ ಗುರುಗಳಾದ ಅಮಲೋರ್ಪವದಾಸರು 1979ರಲ್ಲಿ ಮೈಸೂರಿನ ಚಾಮುಂಡಿಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು. ಅಲ್ಲಿಯ ಸಾಧನಾಕ್ರಮಕ್ಕೆ ಅವರು ‘ಆತ್ಮಪೂರ್ಣ ಅನುಭವ’ವೆಂದು ಹೆಸರಿಟ್ಟರು. ಮೌನವೂ ಧ್ಯಾನವೂ ಅಲ್ಲಿಯ ದಿನಚರಿಯಲ್ಲಿವೆ. ಹಾಗೆಯೇ ಸತ್ಸಂಗವೂ ಇದೆ. ಸಭೆಯೆಂಬಲ್ಲಿ ಸತ್ಸಂಗವೆಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಆದರೂ ‘ಸಂಗ’ವೆಂಬ ಮಾತಿನಲ್ಲಿ, ಮುಗಿದು ಚದರುವ ಸಭೆಯಲ್ಲಿಲ್ಲದ ಒಂದು ಬಿಸುಪುಂಟು.

ಕೊನೆಯದಾಗಿ ಒಂದು ವಿಭಕ್ತಿಪ್ರತ್ಯಯದ ಮಾತು. ಲೂಕನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ದೇವರ ರಾಜ್ಯವು ಎಲ್ಲಿದೆಯೆಂಬುದಕ್ಕೆ ಕೊಟ್ಟ ಉತ್ತರದ ಮೇಲೆ ಪಂಡಿತರಲ್ಲಿ ಬಹುಕಾಲದಿಂದ ಚರ್ಚೆಯುಂಟು. ಗ್ರೀಕ್ ಶಬ್ದವನ್ನು ‘ನಿಮ್ಮ ಒಳಗೆ’ ಎಂದೂ ತಿಳಿಯಬಹುದು, ‘ನಿಮ್ಮ ನಡುವೆ’ ಎಂದೂ ತಿಳಿಯಬಹುದು. 1611ರ ಇಂಗ್ಲಿಷ್ ಪಾಠವು ಮೊದಲನೆಯದನ್ನು ಹಿಡಿದರೆ ಈಚಿನ ಹಲವು ಪಾಠಗಳು ಎರಡನೆಯದನ್ನು ಹಿಡಿದಿವೆ. ಕನ್ನಡಕ್ಕೆ ಈ ಕಷ್ಟವಿಲ್ಲ. ‘ನಿಮ್ಮಲ್ಲಿ’ ಎಂದರೆ ಮುಗಿಯಿತು: ನಿಮ್ಮಲ್ಲಿ ಧೈರ್ಯವಿದೆ ಎಂದರೆ ಒಳಗೆ, ನಿಮ್ಮಲ್ಲಿ ಯಾರು ಹಿರಿಯರು ಎಂದರೆ ನಡುವೆ. ಅಂತರಂಗವೋ ಸಭೆಯೋ ಎಂದು ನಾವು ಬೇರೆಮಾಡಿ ಜಗಳವಾಡುವುದನ್ನು ನಮ್ಮ ಸಪ್ತಮಿಯು ಒಂದೇ ಉಸಿರಿನಲ್ಲಿ ಹೇಳಬಲ್ಲುದು. ಭಾಷೆಗೆ ಗೊತ್ತಿರುವುದನ್ನು ಬರಹಗಾರರು ಗದ್ಯದಲ್ಲಿ ಬಿಡಿಸಿ ತೋರಿಸಬೇಕಾಗಿದೆ. ಸತ್ಯವೇದದ ಹಳೆಯ ಪಾಠವನ್ನು ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಎಷ್ಟೋ ತಲೆಮಾರುಗಳ ಪ್ರಾರ್ಥನೆಯು ಅದರ ಅಕ್ಷರಗಳಿಗೆ ಅಂಟಿಕೊಂಡಿದೆ. ಭಕ್ತಿವೃದ್ಧಿಯೆಂಬ ಶಬ್ದದ ಹಿಂದೆ ಮನೆಯೊಂದಿದೆಯೆಂಬುದನ್ನು ಕ್ರೈಸ್ತ ಲೇಖಕರು ತಮ್ಮ ವ್ಯಾಖ್ಯಾನಗಳಲ್ಲಿಯೂ ಆತ್ಮಚರಿತ್ರೆಗಳಲ್ಲಿಯೂ ಕನ್ನಡಿಗರಿಗೆ ತಿಳಿಸಿಕೊಡಲಿ ಎಂದಷ್ಟೇ ನನ್ನ ಪ್ರಾರ್ಥನೆ.

ಈ ಲೇಖನದ ಕರಡನ್ನು ನೆರೆಯವರಿಗೆ ಓದಿ ತೋರಿಸಿದೆನು. ಅವರು ತಾಳ್ಮೆಯಿಂದ ಕೇಳಿ, “ಶಬ್ದದ ಮಾತು ಸರಿ. ಮನೆಯಲ್ಲಿ ಜೊತೆಗಿದ್ದವಳು ಹೋದ ಮೇಲೆ ಕೋಣೆಯಲ್ಲದೆ ಇನ್ನೇನು ಉಳಿದೀತು, ಸ್ವಾಮಿ?” ಎಂದರು. ಇದಕ್ಕೆ ವಿಮರ್ಶಕನಲ್ಲಿ ಉತ್ತರವಿಲ್ಲ. ನಾನು ಎದ್ದು ಬರುವಾಗ ಅವರು ಮಾತ್ರ ಬಾಗಿಲವರೆಗೂ ಬಂದು, ಉತ್ತಂಗಿಯವರ ಪುಸ್ತಕವಿದ್ದರೆ ಕೊಡಿರೆಂದೂ, ಒಬ್ಬನೇ ಓದಿದರೆ ಕಣ್ಣು ನೋಯುವುದರಿಂದ ಸಂಜೆಯ ಹೊತ್ತು ಬಂದು ಓದಿ ಹೇಳಬೇಕೆಂದೂ ಕೇಳಿದರು. ಸೋಮವಾರದಿಂದ ಓದಲು ತೊಡಗುವುದೆಂದು ಗೊತ್ತಾಗಿದೆ.