ಐದು ಊರಿಗೊಂದು ಪಾಸು

ಪಾಸಿನ ಲೆಕ್ಕ ಯಾವತ್ತೂ ಇಳಿಯುವವರ ಪರ. ಹತ್ತಿ ಕೂತವರು ಕೂತೇ ಇದ್ದರೆ ಪಾಸಿಗಿಂತ ಟಿಕೆಟ್ಟೇ ಅಗ್ಗ. ಬೆಂಗಳೂರಿನಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸಿಗೆ 2025ರ ಜನವರಿಯಿಂದ 80 ರೂಪಾಯಿ. ಒಂದೇ ಕಡೆ ಹೋಗಿ ಅದೇ ದಾರಿಯಲ್ಲಿ ಮನೆಗೆ ಬರುವವರಿಗೆ ಅದರಿಂದ ಹೇಳಿಕೊಳ್ಳುವ ಉಳಿತಾಯವಿಲ್ಲ. ಲಾಲ್‌ಬಾಗ್‌ನಲ್ಲಿ ಇಳಿದು, ಬಸವನಗುಡಿಯಲ್ಲಿ ಇಳಿದು, ಅಲ್ಲಿಂದ ಶಿವಾಜಿನಗರಕ್ಕೆ ಹೋಗಿ ಬೇಸರವಾದರೆ ಬಂದ ಬಸ್ಸಿಗೇ ಮತ್ತೆ ಹತ್ತುವವರಿಗೆ ಉಂಟು. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ ಎಲ್ಲಿ ಬೇಕಾದರೂ ತಿರುಗಲು ನಾಲ್ಕು ದಿನದ ಮತ್ತು ಏಳು ದಿನದ ಪಾಸು ಎಷ್ಟೋ ವರ್ಷಗಳಿಂದ ಇದೆ. ಸ್ವಿಟ್ಜರ್ಲೆಂಡಿನ ಪ್ರವಾಸಿ ಪಾಸಿನಲ್ಲಿ ರೈಲು, ಬಸ್ಸು, ದೋಣಿಯ ಜೊತೆಗೆ 500ಕ್ಕೂ ಹೆಚ್ಚು ವಸ್ತುಸಂಗ್ರಹಾಲಯಗಳ ಪ್ರವೇಶವೂ ಸೇರಿದೆ. ಇಷ್ಟಕ್ಕೂ ಪಾಸು ಮಾರುವುದು ಪ್ರಯಾಣವನ್ನಲ್ಲ. ದಾರಿಯಲ್ಲಿ ಏನೋ ಕಂಡಿತೆಂದು ತಟ್ಟನೆ ಇಳಿದರೆ ದುಡ್ಡು ದಂಡವಾಗುವುದಿಲ್ಲ ಎಂಬ ಧೈರ್ಯವನ್ನು.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಇಂಥ ಪಾಸು ಮಾರುವವರಿಲ್ಲ. ಹೊರಗಿನವರಿಗೆ ಈ ಊರುಗಳೆಂದರೆ ಸಿಮೆಂಟು, ಪರ್ಸಿ ಕಲ್ಲು, ತೊಗರಿ ಮತ್ತು ಬಿಸಿಲು. ಕಲಬುರಗಿಗೆ ಬಂದವರು ಕೋಟೆ, ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಬುದ್ಧ ವಿಹಾರ ನೋಡಿ ಸಂಜೆ ಗಾಡಿ ಹಿಡಿಯುತ್ತಾರೆ. ನನ್ನ ಮಟ್ಟಿಗೆ, ಕಡಿಮೆ ಖರ್ಚಿನಲ್ಲಿ ತಿರುಗುವ ಹುಚ್ಚಿರುವವರಿಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಸೀಮೆ ಇನ್ನೊಂದಿಲ್ಲ.

ಐದರಲ್ಲಿ ನಾಲ್ಕು ಊರಿಗೆ ರೈಲಿದೆ. ಮುಂಬೈ–ಚೆನ್ನೈ ದಾರಿಯ ಮೇಲೆ ಶಹಾಬಾದ್ ಮತ್ತು ವಾಡಿ. ವಾಡಿಯಲ್ಲಿ ಕವಲೊಡೆದು ಸಿಕಂದರಾಬಾದಿಗೆ ಹೋಗುವ ದಾರಿಯ ಮೇಲೆ ಚಿತ್ತಾಪುರ ಮತ್ತು ಸೇಡಂ. ನಿಜಾಮರ ದುಡ್ಡಿನಲ್ಲಿ ಹಾಕಿಸಿದ ಈ ಕವಲು 1874ರಲ್ಲಿ ತೆರೆಯಿತು. ಹೈದರಾಬಾದ್ ಸಂಸ್ಥಾನಕ್ಕೆ ಹೊರಲೋಕದ ಬಾಗಿಲು ಎಂದರೆ ಆಗ ವಾಡಿಯೇ. ಇವತ್ತಿಗೂ ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಗೆ 30. ಶಹಾಬಾದಿನಿಂದ ವಾಡಿಯಂಥ ಸಣ್ಣ ಅಂತರಕ್ಕೆ ಎಕ್ಸ್‌ಪ್ರೆಸ್ ಹತ್ತಿದರೆ ಮೂರು ಪಟ್ಟು ಕೊಟ್ಟಂತೆ. ತಿರುಗಾಟಕ್ಕೆ ಹೊರಟವರಿಗೆ ಅವಸರವೇನು? ಪ್ಯಾಸೆಂಜರ್‌ಗೆ ಕಾಯುವುದೇ ಸರಿ.

ಈ ಭಾಗದ ನಿಜವಾದ ಪಾಸುದಾರರು ರೈಲ್ವೆಯ ತಿಂಗಳ ಸೀಸನ್ ಟಿಕೆಟ್ ಇಟ್ಟುಕೊಂಡವರು: ಫ್ಯಾಕ್ಟರಿ ಕೆಲಸಗಾರರು, ಮಾಸ್ತರರು, ಕಾಲೇಜು ಹುಡುಗರು. ಹೆಚ್ಚುಕಡಿಮೆ 15 ಸಲದ ಒಂಟಿ ಪ್ರಯಾಣದ ದರಕ್ಕೆ ತಿಂಗಳಿಡೀ ಓಡಾಡಬಹುದು. 150 ಕಿ.ಮೀ. ಒಳಗಿನ ದೂರಕ್ಕೆ ಸಿಗುತ್ತದೆ. ಪ್ರವಾಸಿಗೆ ಇದು ದಕ್ಕದು. ಆದರೆ ಶಹಾಬಾದಿನಲ್ಲಿದ್ದು ದಿನಾ ಸೇಡಂಗೆ ಹೋಗಿಬರುವವರು ಎಂದಾದರೂ ನಡುವೆ ಚಿತ್ತಾಪುರದಲ್ಲಿ ಇಳಿದು ಪಕ್ಕದ ನಾಗಾವಿಯ ಹಳೆಯ ಗುಡಿ ನೋಡಿದ್ದಾರೆಯೇ ಎಂದು ಕೇಳಬೇಕು. ಪಾಸು ಜೇಬಿನಲ್ಲಿದ್ದೂ ಇಳಿಯದವರ ಸಂಖ್ಯೆ ನಮ್ಮಲ್ಲಿ ದೊಡ್ಡದು.

ಬಸ್ಸಿನ ಮಾತಿಗೆ ಬಂದರೆ, 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳ ಕೈಯಲ್ಲಿ ದೇಶದ ಯಾವ ಪ್ರವಾಸಿ ಪಾಸಿಗೂ ಕಡಿಮೆಯಿಲ್ಲದ್ದೊಂದಿದೆ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ಗುರುತಿನ ಚೀಟಿ ತೋರಿಸಿದರೆ ಸಾಕು, ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಯುರೋಪಿನ ಪಾಸುಗಳಿಗಿರುವ ದಿನದ ಮಿತಿಯೂ ಇದಕ್ಕಿಲ್ಲ. ದೇವರ ದರ್ಶನಕ್ಕೆ ಇದನ್ನು ಚೆನ್ನಾಗಿಯೇ ಬಳಸಿಕೊಂಡವರು ಇತಿಹಾಸ ನೋಡುವುದಕ್ಕೂ ಬಳಸಲಿ ಎಂಬುದು ನನ್ನ ಆಸೆ. ಒಂದು ಎಚ್ಚರ: ಚಿಂಚೋಳಿಯಿಂದ ತಾಂಡೂರಿನ ಕಡೆ ಹೊರಟರೆ ಗಡಿ ದಾಟುವ ಬಸ್ಸಿನಲ್ಲಿ ಶೂನ್ಯ ಟಿಕೆಟ್ ನಡೆಯುವುದಿಲ್ಲ. ತೆಲಂಗಾಣದಲ್ಲಿ 2023ರ ಡಿಸೆಂಬರಿನಿಂದ ಇಂಥದ್ದೇ ಮಹಾಲಕ್ಷ್ಮಿ ಯೋಜನೆ ಇದ್ದರೂ ಅದು ಅಲ್ಲಿನವರಿಗೆ ಮಾತ್ರ.

ಹೀಗೆ ಟಿಕೆಟ್ಟು ಅಗ್ಗ, ಅರ್ಧದಷ್ಟು ಜನರಿಗೆ ಪುಕ್ಕಟೆ. ಹಾಗಾದರೆ ದುಡ್ಡು ಹೋಗುವುದೆಲ್ಲಿ? ಕೊನೆಯ ಕೆಲವು ಮೈಲಿಗೆ.

ಸನ್ನತಿಯನ್ನೇ ನೋಡಿ. ಚಿತ್ತಾಪುರ ತಾಲ್ಲೂಕಿನ, ಭೀಮಾ ದಂಡೆಯ ಊರು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ. ಅಲ್ಲಿಗೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಜೊತೆಗೆ, ರಾಣಿಯೊಡನೆ ನಿಂತ ಅಶೋಕನ ಉಬ್ಬುಶಿಲ್ಪ, ಅದರ ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಹೆಸರು. ಅಶೋಕನ ಹೆಸರು ಕೆತ್ತಿದ ಅಶೋಕನ ಶಿಲ್ಪ. ಇಂಥದ್ದು ಯುರೋಪಿನ ಯಾವುದೋ ಹಳ್ಳಿಯಲ್ಲಿ ಸಿಕ್ಕಿದ್ದರೆ ಸ್ಟೇಷನ್ ಎದುರಿಗೇ ಬಸ್ಸು ನಿಂತಿರುತ್ತಿತ್ತು. ನಮ್ಮಲ್ಲಿ ವಾಡಿಯಿಂದ ರಾಯಚೂರಿನ ಕಡೆ ಹೋಗುವ ಗಾಡಿ ಹಿಡಿದು ನಾಲವಾರದಲ್ಲಿ ಇಳಿದು, ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ಟಂಟಂ ಮಾಡಿಕೊಂಡು ಹೋಗಬೇಕು. ಟಂಟಂ ತುಂಬಿದರೆ ತಲೆಗಿಷ್ಟು ಎಂದು ಕೊಟ್ಟು ಪಾರು. ತುಂಬದಿದ್ದರೆ ಇಡೀ ಗಾಡಿಯ ಬಾಡಿಗೆ ನಿಮ್ಮದೇ, ರೈಲಿನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೆ ಖರ್ಚು. ಆದ್ದರಿಂದ ಸನ್ನತಿಗೆ ನಾಲ್ಕೈದು ಜನ ಕೂಡಿಯೇ ಹೋಗಿ.

ನಾಗಾವಿಯ ಸಂಕಟ ಇಷ್ಟಿಲ್ಲ. ಚಿತ್ತಾಪುರದಿಂದ ನಡೆದೇ ಹೋಗುವಷ್ಟು ಹತ್ತಿರ, ಯಲ್ಲಮ್ಮನ ಗುಡಿಗೆ ಹೋಗುವ ಜನರ ಜೊತೆ ಸೇರಿಕೊಂಡರೆ ದಾರಿ ಕೇಳುವ ಗೋಜೂ ಇಲ್ಲ. ಚಾಲುಕ್ಯರ ಕಾಲದಲ್ಲಿ ಇಲ್ಲಿ ಘಟಿಕಾಸ್ಥಾನವಿತ್ತು. 1058ರ ಶಾಸನದ ಪ್ರಕಾರ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ವೇದ–ಶಾಸ್ತ್ರ ಹೇಳುವ ಗುರುಗಳು, ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಲೈಬ್ರರಿಗೆ ಆರು ಜನ! ಇವತ್ತಿನ ಎಷ್ಟು ಕಾಲೇಜುಗಳಲ್ಲಿ ಇದ್ದಾರು? ಅರವತ್ತು ಕಂಬದ ಗುಡಿಯಲ್ಲಿ ಮಧ್ಯಾಹ್ನದ ಹೊತ್ತು ಕೂತರೆ ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುವುದನ್ನು ನೋಡುತ್ತ ಇಳಿಹೊತ್ತಿನ ಗಾಡಿಗೆ ಕಾಯಬಹುದು. ಪ್ರವೇಶಕ್ಕೆ ಕಾಸಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ.

ಮಳಖೇಡಕ್ಕೆ ರೈಲು ನಂಬಬೇಡಿ. ಮಳಖೇಡ ರೋಡ್ ಎಂಬ ಸ್ಟೇಷನ್ ಏನೋ ಇದೆ, ಆದರೆ ಊರು ಅಲ್ಲಿಲ್ಲ. ಕಲಬುರಗಿ–ಸೇಡಂ ರಸ್ತೆಯ ಬಸ್ಸು ಹತ್ತಿದರೆ ಊರಿನ ಬಾಯಿಗೇ ಇಳಿಸುತ್ತದೆ, ಸೇಡಂನಿಂದ ಸುಮಾರು 18 ಕಿ.ಮೀ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನೂ ಅವನ ಕಾಲದವನೇ. ಒಂಬತ್ತನೇ ಶತಮಾನದ ಅರಬ್ ವ್ಯಾಪಾರಿ ಸುಲೇಮಾನ್ ಲೋಕದ ನಾಲ್ವರು ದೊಡ್ಡ ದೊರೆಗಳಲ್ಲಿ ಇಲ್ಲಿನ ಅರಸನನ್ನೂ ಎಣಿಸಿದ. 972ರಲ್ಲಿ ಪರಮಾರ ಸೀಯಕ ಬಂದು ಲೂಟಿ ಮಾಡಿದ ಮೇಲೆ ಊರು ಮತ್ತೆ ಆ ಮಟ್ಟಕ್ಕೆ ಏಳಲಿಲ್ಲ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಟೀಕಾಚಾರ್ಯ ಜಯತೀರ್ಥರ ವೃಂದಾವನ ಎಲ್ಲವೂ ನಡಿಗೆಯಲ್ಲೇ ಮುಗಿಯುತ್ತವೆ. ರಾಜಧಾನಿ ನೋಡಲು ಬಂದವರಿಗೆ ಅರಮನೆ ಕಾಣದೆ ನಿರಾಸೆಯಾಗಬಹುದು. ಬಸದಿಯೊಳಗೆ ಹೊಕ್ಕರೆ ಆ ನಿರಾಸೆ ಉಳಿಯದು.

ಶಹಾಬಾದಿನಲ್ಲಿ ಗುಡಿ–ಕೋಟೆ ಹುಡುಕಬೇಡಿ. ಓಣಿ ಹೊಕ್ಕು ಹಳೆಯ ಮನೆಗಳ ಗೋಡೆ, ನೆಲ, ಕಟ್ಟೆ ನೋಡಿ, ಎಲ್ಲವೂ ಪರ್ಸಿ ಕಲ್ಲೇ. ವಾಡಿಯಲ್ಲಿ ಗಾಡಿ ಬದಲಿಸುವಾಗ ಮಿರ್ಚಿ–ಸುಸಲಾ ತಿನ್ನಿ. ಇವೆರಡಕ್ಕೆ ಅರ್ಧ ದಿನ ಸಾಕು.

ಚಿಂಚೋಳಿಯದು ಬೇರೆಯೇ ಬಾಬತ್ತು. ರೈಲಿಲ್ಲ, ಸೇಡಂನಿಂದಲೋ ಕಲಬುರಗಿಯಿಂದಲೋ ಬಸ್ಸೇ ಗತಿ. 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ 134.88 ಚದರ ಕಿ.ಮೀ. ಕಾಡು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ. ರಕ್ತಚಂದನ, ಕತ್ತೆಕಿರುಬ, ತೋಳ, ಗಡಿಯುದ್ದಕ್ಕೂ ಲಂಬಾಣಿ ತಾಂಡಾಗಳು. ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತ ಜಲಪಾತ ನೋಡಬೇಕೆಂದರೆ ಮಳೆಗಾಲ ಹಿಡಿದ ಮೇಲೆ ಹೋಗಿ. ಬೇಸಿಗೆಯಲ್ಲಿ ಎತ್ತಿಪೋತ ಬರೀ ಬಂಡೆ. ಇಲ್ಲಿ ದುಡ್ಡಿಗಿಂತ ಬಸ್ಸಿನ ವೇಳೆಯದೇ ಚಿಂತೆ. “ಲಾಸ್ಟ್ ಬಸ್ ಎಷ್ಟಕ್ಕ ಅದರಿ?” ಎಂದು ಕೇಳಿದರೆ ಕಂಡಕ್ಟರರು ಕೊಡುವ ಉತ್ತರ ಸಾಮಾನ್ಯವಾಗಿ ಇದು: “ಐದರತನಾ ಬರ್ರಿ. ಆಮ್ಯಾಲಿಂದು ಭರೋಸಾ ಇಲ್ರಿ.” ಒಂದು ಬಸ್ಸು ತಪ್ಪಿದರೆ ರಾತ್ರಿ ಲಾಡ್ಜಿನ ಬಾಡಿಗೆ. ಆ ಬಾಡಿಗೆಗೆ ಯಾವ ಪಾಸೂ ಪರಿಹಾರ ಕೊಡದು.

ದೊಡ್ಡ ನಗರಗಳ ಪಾಸಿಗೆ ಇರುವ ರೋಗ ಮಾತ್ರ ನಮ್ಮಲ್ಲಿಗೆ ಬಾರದಿರಲಿ. ಪ್ಯಾರಿಸ್ ಮ್ಯೂಸಿಯಂ ಪಾಸು ಕೊಂಡವರು ಕೊಟ್ಟ ಹಣ ವಸೂಲಾಗಬೇಕೆಂದು ಒಂದು ಮ್ಯೂಸಿಯಂನಿಂದ ಇನ್ನೊಂದಕ್ಕೆ ಓಡುತ್ತಾರೆ, ಮದುವೆ ಊಟಕ್ಕೆ ಬಂದು ಎಲೆಯ ಮೇಲಿನ ಎಲ್ಲವನ್ನೂ ಬಾಯಿಗೆ ತುರುಕಿಕೊಳ್ಳುವವರ ಹಾಗೆ. ಐದೂ ಊರು ಒಂದೇ ದಿನದಲ್ಲಿ ನೋಡುತ್ತೇನೆ ಎನ್ನುವವರು ಕಾರು ಮಾಡಿಕೊಳ್ಳಲಿ, ಈ ಅಂಕಣ ಅವರಿಗಲ್ಲ. ಒಂದು ಭಾನುವಾರ ವಾಡಿ–ನಾಲವಾರ–ಸನ್ನತಿ. ಇನ್ನೊಂದು ಭಾನುವಾರ ಚಿತ್ತಾಪುರ–ನಾಗಾವಿ, ಅಲ್ಲಿಂದ ಸೇಡಂ ಮೇಲೆ ಮಳಖೇಡ. ಚಿಂಚೋಳಿಗೆ ಶ್ರಾವಣದ ಒಂದು ಪೂರ್ತಿ ದಿನ.

ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಸಾರಿಗೆ ನಿಗಮಕ್ಕೆ ಒಂದು ಬಿನ್ನಹ. ನಿಜಾಮರ ರೈಲ್ವೆಯೇ 1932ರಲ್ಲಿ 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಆರಂಭಿಸಿತ್ತು. ರೈಲು, ಬಸ್ಸು ಎರಡೂ ಒಂದೇ ಕೈಯಲ್ಲಿದ್ದ ಸೀಮೆ ಇದು. ಈಗ ಕೈ ಬೇರೆ ಬೇರೆ, ಆದರೂ ವೇಳೆ ಹೊಂದಿಸಲು ಅಡ್ಡಿಯಿಲ್ಲ. ದಸರೆಯಿಂದ ಯುಗಾದಿವರೆಗೆ ಭಾನುವಾರ ಮಾತ್ರ ವಾಡಿ ಸ್ಟೇಷನ್‌ನಿಂದ ಒಂದು ಸುತ್ತುಬಸ್ಸು ಬಿಡಿ: ಸನ್ನತಿ, ನಾಗಾವಿ, ಮಳಖೇಡ, ಸೇಡಂ. ಗಂಡಸರಿಗೆ ಒಂದು ದಿನದ ಪಾಸು, ಹೆಣ್ಣುಮಕ್ಕಳಿಗೆ ಇರುವ ಶೂನ್ಯ ಟಿಕೆಟ್ಟೇ ಸಾಕು. ಮಳೆಗಾಲದಲ್ಲಿ ಅದೇ ಬಸ್ಸು ಚಿಂಚೋಳಿಗೆ ತಿರುಗಲಿ. ಹೊಸ ಬಸ್ಸು ಕೊಳ್ಳಬೇಕಿಲ್ಲ, ಭಾನುವಾರ ಶಾಲೆ–ಕಾಲೇಜಿನ ಗರ್ದಿ ಇರುವುದಿಲ್ಲ. ಅದು ಆಗುವತನಕ ಓದುಗರೇ, ಬೆಳಗಿನ ಪ್ಯಾಸೆಂಜರ್ ಹಿಡಿಯಿರಿ, ಇಳಿದ ಕೂಡಲೇ ಕೊನೆಯ ಬಸ್ಸಿನ ವೇಳೆ ಕೇಳಿಟ್ಟುಕೊಳ್ಳಿ.