ಮನೆಯ ಮಾತು, ಹೊರಗಿನ ಕಿವಿ

ಅಲ್ಪಸಂಖ್ಯಾತ ಸಮಾಜದಲ್ಲಿ ಹುಟ್ಟಿ, ವಿದ್ಯೆಯಿಂದಲೂ ವಾಕ್ಶಕ್ತಿಯಿಂದಲೂ ಪ್ರಸಿದ್ಧಿಗೆ ಬಂದವರು ತಮ್ಮ ಜನರ ವಿಷಯವಾಗಿ ಲೋಕದ ಮುಂದೆ ಮಾತನಾಡಿದರೆ, ಆ ಜನಕ್ಕೆ ಹಿತವಾಗುವದೋ ಅಹಿತವಾಗುವದೋ ಎಂಬ ಪ್ರಶ್ನೆಯನ್ನು ರಾಜಕಾರಣಕ್ಕೆ ಬಿಟ್ಟುಕೊಡುವದು ರೂಢಿ. ಆದರೆ ಕನ್ನಡದಲ್ಲಿ ಈ ಪ್ರಶ್ನೆಯು ಕಾದಂಬರಿ, ಸಣ್ಣ ಕತೆಗಳ ಮೂಲಕವೇ ತೀವ್ರವಾಗಿ ಎದ್ದಿರುವದರಿಂದ ಸಾಹಿತ್ಯಾಭ್ಯಾಸಿಗಳು ಇದನ್ನು ವಿಚಾರಿಸದೆ ವಿಧಿಯಿಲ್ಲ. ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಇವರ ಕೃತಿಗಳೂ ಅವರು ಎದುರಿಸಿದ ವಿರೋಧವೂ ಇದಕ್ಕೆ ನಿದರ್ಶನಗಳಾಗಿವೆ.

ಕಾಸರಗೋಡಿನಲ್ಲಿ 1936ರಲ್ಲಿ ಜನಿಸಿ 2023ರಲ್ಲಿ ದಿವಂಗತರಾದ ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯು 1980ರ ದಶಕದ ಆದಿಯಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದಿತು. ತಂದೆಯ ಹಟಕ್ಕೆ ಸಿಕ್ಕು ಗಂಡನಿಂದ ತಲಾಖು ಹೊಂದಿದ ನಾದಿರಾ, ಅದೇ ಗಂಡನನ್ನು ಮರಳಿ ಸೇರಬೇಕಾದರೆ ಮೊದಲು ಅನ್ಯನೊಬ್ಬನ ಹೆಂಡತಿಯಾಗಬೇಕೆಂಬ ನಿಬಂಧನೆಗೆ ಒಳಗಾಗಿ, ಕೊನೆಗೆ ನೀರಿನ ಪಾಲಾಗುತ್ತಾಳೆ. ಗಂಡ ರಶೀದನು ದುಷ್ಟನಲ್ಲ. ತಾಯಿ ಫಾತಿಮಾ ನಿಷ್ಕರುಣಿಯಲ್ಲ. ಗಂಡಸಿನ ಕೋಪಕ್ಕೆ ಶಾಸ್ತ್ರದ ಹೆಸರಿನಲ್ಲಿ ದೊರೆತ ಅಧಿಕಾರವೊಂದೇ ಇಲ್ಲಿ ಆರೋಪಿಯ ಸ್ಥಾನದಲ್ಲಿದೆ. ಸಾರಾ ಅವರ ಬೇರೆ ಕೆಲವು ಕತೆಗಳಲ್ಲಿ ಉದ್ದೇಶವು ರಸವನ್ನು ಮೀರುವದುಂಟು. ಈ ಕಾದಂಬರಿಯಲ್ಲಿ ಆ ದೋಷವು ಕಡಿಮೆ. ಆದರೂ 1985ರಲ್ಲಿ ಪುತ್ತೂರಿನ ಸಾಹಿತ್ಯಸಭೆಯೊಂದರಲ್ಲಿ ಲೇಖಿಕೆಯು ಉಗ್ರವಾದ ಪ್ರತಿಭಟನೆಯನ್ನು ಎದುರಿಸಬೇಕಾಯಿತು.

ಹಾಸನದ ನ್ಯಾಯವಾದಿ ಬಾನು ಮುಷ್ತಾಕರ ಅನುಭವವೂ ಭಿನ್ನವಲ್ಲ. ಮಸೀದಿಯಲ್ಲಿ ಸ್ತ್ರೀಯರಿಗೂ ಪ್ರವೇಶವಿರಬೇಕೆಂದುದಕ್ಕಾಗಿ 2000ದಲ್ಲಿ ಅವರ ಮೇಲೆ ಬಹಿಷ್ಕಾರ ಹೇರಲಾಯಿತು. ಇಪ್ಪತ್ತೈದು ವರ್ಷಗಳ ತರುವಾಯ, ದೀಪಾ ಭಾಸ್ತಿಯವರು ಅನುವಾದಿಸಿದ ಅವರ 12 ಕತೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆಯಿತು.

ವಿರೋಧಿಗಳ ವಾದವನ್ನು ತುಚ್ಛವೆಂದು ತಳ್ಳುವದು ವಿಮರ್ಶಕರಿಗೆ ಸಲ್ಲದು. ಅವರ ಅಂತರಂಗದ ಭಯವು ಇದು: ಸಂಖ್ಯೆಯಲ್ಲಿ ಕಡಿಮೆಯಾದವರ ಮನೆಯ ಹುಳುಕು ಬೀದಿಗೆ ಬಿದ್ದರೆ, ಅದನ್ನು ಹಿಡಿದು ಇಡೀ ಸಮಾಜವನ್ನು ಹಳಿಯುವ ಕೈಗಳು ಸಿದ್ಧವಾಗಿರುತ್ತವೆ. ಈ ಭಯವು ನಿರಾಧಾರವಲ್ಲ. ಆದರೆ ಮೌನದಿಂದ ಆಗುವ ಹಾನಿಯ ಲೆಕ್ಕವನ್ನೂ ಇಡಬೇಕಷ್ಟೆ. ಆ ಹಾನಿಯನ್ನು ತೆರುವವರು ಮೌನವನ್ನು ವಿಧಿಸಿದ ಹಿರಿಯರಲ್ಲ, ನಾದಿರಾಳಂಥ ಹೆಣ್ಣುಮಕ್ಕಳು.

ಇಲ್ಲಿ ವಕ್ತಾರರಲ್ಲಿಯೇ ಎರಡು ವರ್ಗಗಳುಂಟೆಂಬದನ್ನು ಗಮನಿಸಬೇಕು. ಮಮ್ಮಟನು ಉಪದೇಶದ ಬಗೆಗಳನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತ ಎಂದು ವಿಂಗಡಿಸಿ, ಕಾವ್ಯಕ್ಕೆ ಮೂರನೆಯದನ್ನು ವಿಧಿಸಿದನು. ಸಮಾಜದ ಮುಖಂಡನು ಪ್ರಭುವಿನಂತೆ ಆಜ್ಞೆಯ ಧಾಟಿಯಲ್ಲಿ ಮಾತನಾಡುತ್ತಾನೆ. ಹೊರಗಿನವರಿಗೆ ತನ್ನ ಜನರೆಲ್ಲ ಏಕಾಭಿಪ್ರಾಯದವರೆಂದು ತೋರಿಸುವದು ಅವನ ಅಧಿಕಾರಕ್ಕೆ ಅವಶ್ಯಕ. ಬಾನು ಅವರ ‘ಕರಿ ನಾಗರಗಳು’ ಕತೆಯ ಮುತುವಲ್ಲಿಯು ಈ ವರ್ಗಕ್ಕೆ ಸೇರಿದವನು. ಗಂಡ ಬಿಟ್ಟ ಹೆಣ್ಣೊಬ್ಬಳು ಮಸೀದಿಯ ಬಾಗಿಲಿಗೆ ಬಂದು ನ್ಯಾಯ ಬೇಡಿದರೂ ಅವನು ಕಿವಿಗೊಡುವದಿಲ್ಲ. ಅವಳ ಕೂಸು ಅಲ್ಲಿಯೇ ಪ್ರಾಣ ಬಿಡುತ್ತದೆ. ಅವಳ ಹಕ್ಕನ್ನು ಶರಿಯತ್ತಿನ ಆಧಾರದಿಂದಲೇ ತಿಳಿಸಿಕೊಡುವವಳು ಓದಿದ ಇನ್ನೊಬ್ಬ ಹೆಂಗಸು. ಅಂದಮೇಲೆ ಆ ಸಮಾಜದ ನಿಜವಾದ ಪ್ರತಿನಿಧಿ ಯಾರು? ಮುತುವಲ್ಲಿಯೋ, ಆ ಹೆಂಗಸೋ? ಈ ಕತೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಚಿತ್ರವನ್ನು ತೆಗೆದರು.

ಮೊದಲನೆಯ ವರ್ಗದ ಮುಖಂಡತನದ ಪರಿಣಾಮವು ಇತಿಹಾಸದಲ್ಲಿ ಕಾಣುತ್ತದೆ. ಒಂದೇ ಉಸಿರಿನ ಮೂರು ತಲಾಖನ್ನು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ 22ರಂದು ರದ್ದುಗೊಳಿಸಿತು. ನ್ಯಾಯ ಕೇಳಿದವಳು ಶಾಯರಾ ಬಾನು ಎಂಬ ಹೆಣ್ಣುಮಗಳು. ನ್ಯಾಯಾಲಯವು ಇದರಲ್ಲಿ ಕೈಹಾಕಬಾರದೆಂದು ವಾದಿಸಿದುದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ. 2019ರಲ್ಲಿ ಸಂಸತ್ತು ಆ ಆಚಾರಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ಸಾರಾ ಅವರ ಕಾದಂಬರಿಗೂ ಈ ಶಾಸನಕ್ಕೂ ನಡುವೆ ಮೂರು ದಶಕಗಳಿಗೂ ಮಿಕ್ಕಿದ ಅವಕಾಶವಿದ್ದಿತು. ಒಳಗಿನ ಹೆಣ್ಣುಧ್ವನಿಗೆ ಅಂದೇ ಮನ್ನಣೆ ದೊರೆತಿದ್ದರೆ, ತಿದ್ದುಪಡಿಯು ಸ್ವಂತ ಕೈಯಿಂದ ಆಗುತ್ತಿತ್ತು. ಮನೆಯವರು ಗುಡಿಸದ ಅಂಗಳವನ್ನು ಹೊರಗಿನವರು ತಮ್ಮ ಬಾರಿಗೆಯಿಂದ ಗುಡಿಸುವರು.

ಇನ್ನು ಹೊರಗಿನ ಕಿವಿಯ ವಿಚಾರ. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ವಿನಲ್ಲಿ ಮಠಾಧಿಪತ್ಯದ ಡಂಭವನ್ನು ಬಯಲಿಗೆಳೆದರು. ಸಿಟ್ಟಾದವರು ಸಿಟ್ಟಾದರು, ಆದರೆ ಅದನ್ನು ಓದಿ, ಮಠಗಳನ್ನು ನಂಬಿದ ಜನರೆಲ್ಲರೂ ಹೀಗೆಯೇ ಎಂದು ಯಾರೂ ತೀರ್ಮಾನಿಸಲಿಲ್ಲ. ಏಕೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಾಚಕರಿಗೆ ಅಂಥ ನೂರು ಮನೆಗಳ ಪರಿಚಯವಿದೆ. ಒಳ್ಳೆಯ ಸ್ವಾಮಿಗಳನ್ನೂ ಅವರು ಬಲ್ಲರು. ಅದೇ ವಾಚಕರು ಮುಸಲ್ಮಾನರ ಕುಟುಂಬಜೀವನವನ್ನು ಒಳಗಿನಿಂದ ಕಂಡುದು ಎಷ್ಟು? ಈ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ಮಿನ ಅಲಾವಿಯ ಮುಂದೆ ಎಲ್ಲ ಜಾತಿಯವರೂ ಕೂಡಿ ಹೆಜ್ಜೆ ಹಾಕುವರು, ಕರ್ಬಲದ ರಿವಾಯತ ಪದಗಳನ್ನು ಹಾಡುವರು. ಬೀದಿಯ ಆ ಸ್ನೇಹವು ಪಡಸಾಲೆಯನ್ನು ದಾಟಿ ಒಳಗೆ ಹೋದುದು ಅಪರೂಪ. ಆದುದರಿಂದ ಒಂದು ಕತೆಯೇ ಅವರಿಗೆ ಸಮಸ್ತ ಸಮಾಜದ ಸಾಕ್ಷಿಯಾಗುತ್ತದೆ. ಈ ದೋಷವು ಲೇಖಿಕೆಯದಲ್ಲ, ವಾಚಕರ ಅಲ್ಪಪರಿಚಯದ್ದು.

ಇದೇ ಅಲ್ಪಪರಿಚಯವು ಬೇರೊಂದು ರೀತಿಯಲ್ಲಿಯೂ ಪ್ರಕಟವಾಯಿತು. 2025ರ ಸಪ್ಟೆಂಬರದಲ್ಲಿ ಬಾನು ಅವರು ಮೈಸೂರಿನ ದಸರೆಯನ್ನು ಉದ್ಘಾಟಿಸುವರೆಂದಾಗ, ಅವರು ಅನ್ಯಮತದವರೆಂಬ ಆಕ್ಷೇಪವೆದ್ದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಒಳಗಿನವರಿಗೆ ಮನೆಮುರುಕಿಯಾಗಿ ಕಂಡವರು ಹೊರಗಿನ ಕೆಲವರಿಗೆ ಪರಕೀಯರಾಗಿ ಕಂಡರು. ಎರಡೂ ಕಡೆಯವರಿಗೆ ಅವರ ಕತೆಗಳಿಗಿಂತ ಅವರ ಹೆಸರೇ ದೊಡ್ಡದಾಯಿತು.

ಆದುದರಿಂದ ಮೊದಲಿನ ಪ್ರಶ್ನೆಗೆ ಹೀಗೆ ಉತ್ತರಿಸಬಹುದು. ತನ್ನ ಸಮಾಜದಲ್ಲಿ ಅತ್ಯಂತ ದುರ್ಬಲರಾದವರ ಅಳಲನ್ನು ಕೇಳಿ ನುಡಿಯುವ ವಕ್ತಾರನಿಂದ ಹಿತವಾಗುವದು. ಆ ಅಳಲನ್ನು ಮುಚ್ಚಿ ಸಮಾಜದ ಮಾನವನ್ನು ಕಾಯುವೆನೆನ್ನುವವನಿಂದ, ಅವನ ಉದ್ದೇಶವು ಎಷ್ಟೇ ಶುದ್ಧವಾಗಿರಲಿ, ಅಹಿತವಾಗುವದು. ಆದರೆ ಮೊದಲನೆಯವನ ಮಾತು ಫಲಿಸಬೇಕಾದರೆ ಕೇಳುವವರಲ್ಲಿಯೂ ನ್ಯಾಯಬುದ್ಧಿ ಬೇಕು. ‘ಚಂದ್ರಗಿರಿಯ ತೀರದಲ್ಲಿ’ಯನ್ನು ಓದಿದವರು ನಾದಿರಾಳಿಗಾಗಿ ಮರುಗುವದರೊಡನೆ, ತಮ್ಮ ಮನೆಯ ವಿಧವೆಗೂ ಗಂಡ ಬಿಟ್ಟ ಮಗಳಿಗೂ ದೊರೆತ ನ್ಯಾಯವೇನೆಂಬದನ್ನೂ ನೋಡಿಕೊಳ್ಳಬೇಕು. ಹಾಗೆ ಓದುವವರ ಮುಂದೆ ಯಾವ ಸಮಾಜದ ಮನೆಯ ಮಾತೂ ನಿರ್ಭಯವಾಗಿ ಹೊರಗೆ ಬರಬಹುದು.