ಕೋಟಿನ ಮೇಲಿನ ಕೆಂಪು, ದೊರೆಯ ಮೇಲಿನ ಕೆಂಪು

ಮೂರನೇ ಚಾರ್ಲ್ಸ್ ದೊರೆ 2024ರ ಮೇ ತಿಂಗಳಲ್ಲಿ ಬಕಿಂಗ್‌ಹ್ಯಾಂ ಅರಮನೆಯಲ್ಲಿ ತಮ್ಮದೇ ಭಾವಚಿತ್ರದ ಪರದೆ ಸರಿಸಿದಾಗ ಮೊದಲು ಕಂಡದ್ದು ದೊರೆಯಲ್ಲ, ಕೆಂಪು. ಸುಮಾರು ಎಂಟೂವರೆ ಅಡಿ ಎತ್ತರದ ಕ್ಯಾನ್ವಾಸಿನಲ್ಲಿ ವೆಲ್ಷ್ ಗಾರ್ಡ್ಸ್ ಸೇನಾಪಡೆಯ ಸಮವಸ್ತ್ರವೂ ಹಿನ್ನೆಲೆಯೂ ಒಂದೇ ಬಣ್ಣದಲ್ಲಿ ಕಲಸಿಹೋಗಿವೆ. ಬೆಂಕಿ ಎಂದರು, ನೆತ್ತರು ಎಂದರು. ಗದ್ದಲದಲ್ಲಿ ಜನ ಸರಿಯಾಗಿ ನೋಡದೆ ಹೋದದ್ದು ಮುಖವನ್ನೇ.

ಚಿತ್ರ ಬರೆದ ಜೊನಾಥನ್ ಯೋ ತಾವೇ ಕಲಿತು ಪಳಗಿದವರು. ಇಪ್ಪತ್ತರ ಹರೆಯದಲ್ಲಿ ಹಾಡ್ಜ್‌ಕಿನ್ಸ್ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಕುಂಚವನ್ನು ಗಟ್ಟಿಯಾಗಿ ಹಿಡಿದರು. ತಂದೆ ಕನ್ಸರ್ವೇಟಿವ್ ಸಂಸದರಾಗಿದ್ದವರು. ಅಧಿಕಾರಸ್ಥರನ್ನು ಕಂಡರೆ ಈ ಕುಂಚ ನಡುಗದಿರಲು ಅದೂ ಒಂದು ಕಾರಣವಿರಬಹುದು. 2001ರ ಬ್ರಿಟಿಷ್ ಚುನಾವಣೆಯ ಅಧಿಕೃತ ಕಲಾವಿದರಾಗಿ ಮೂರು ಪಕ್ಷಗಳ ನಾಯಕರನ್ನು ಬರೆದಾಗ, ಬಿದ್ದ ಮತಗಳಿಗೆ ತಕ್ಕಂತೆ ಕ್ಯಾನ್ವಾಸಿನ ಅಳತೆ ಇಟ್ಟರು. 2007ರಲ್ಲಿ ಅಶ್ಲೀಲ ಪತ್ರಿಕೆಗಳ ಚೂರುಗಳನ್ನು ಅಂಟಿಸಿ ಜಾರ್ಜ್ ಬುಷ್ ಮುಖ ಕಟ್ಟಿದರು. ಒಮ್ಮೆ ನಕ್ಕರೆ ಆ ಚಿತ್ರದ ಕೆಲಸ ಮುಗಿಯಿತು.

2008ರಲ್ಲಿ ಹೊರಬಂದ ಟೋನಿ ಬ್ಲೇರ್ ಚಿತ್ರ ಹಾಗಲ್ಲ. ಬಳಲಿದ, ಕಳೆಗುಂದಿದ ಮುಖ. ಕೋಟಿನ ಮೇಲೆ ಮಾತ್ರ ಒಂದು ಕೆಂಪು ಗಸಗಸೆ ಹೂ. ಯುದ್ಧದಲ್ಲಿ ಮಡಿದವರ ನೆನಪಿಗೆ ಬ್ರಿಟಿಷರು ಧರಿಸುವ ಹೂ ಅದು. ಇರಾಕಿಗೆ ಸೇನೆ ಕಳಿಸಿದ ಪ್ರಧಾನಿಯ ಎದೆಯ ಮೇಲೆ ಅದು ಗೌರವವೋ ಆರೋಪವೋ ಎಂದು ಯೋ ಹೇಳುವುದಿಲ್ಲ. ಕಣ್ಣು ಹೂವಿನಿಂದ ಮುಖಕ್ಕೆ, ಮುಖದಿಂದ ಹೂವಿಗೆ ಓಡಾಡುತ್ತಲೇ ಇರುತ್ತದೆ.

ಚಾರ್ಲ್ಸ್ ಚಿತ್ರದಲ್ಲಿ ಈ ಓಡಾಟ ನಿಂತುಹೋಗಿದೆ. ಮುಖವೇನೋ ಚೆನ್ನಾಗಿದೆ: ವಯಸ್ಸನ್ನು ಮುಚ್ಚಿಟ್ಟಿಲ್ಲ, ಹೊಗಳಿಕೆಯೂ ಇಲ್ಲ. ಆದರೆ ಕೆಂಪನ್ನು ಪೂರ್ತಿ ಒರೆಸಿ ಹಾಕಿದರೂ ಆ ಮುಖ ಹಾಗೇ ಉಳಿಯುತ್ತದೆ, ಏನನ್ನೂ ಕಳೆದುಕೊಳ್ಳುವುದಿಲ್ಲ. ಭುಜದ ಬಳಿಯ ಚಿಟ್ಟೆಯಂತೂ ರಾಜಕುಮಾರ ದೊರೆಯಾದ ರೂಪಾಂತರದ ಗುರುತಂತೆ. ಪಠ್ಯಪುಸ್ತಕದ ಅಡಿಟಿಪ್ಪಣಿ ಹಾಗಿದೆ. ಮಾಡಿಸಿದವರು ಲಂಡನ್ನಿನ ಹಳೆಯ ವರ್ತಕ ಸಂಘ ಡ್ರೇಪರ್ಸ್ ಕಂಪನಿ. ಅವರ ದೊಡ್ಡ ಸಭಾಂಗಣವನ್ನು ತುಂಬುವ ಹಂಬಲವೇ ಬಣ್ಣವನ್ನು ಇಷ್ಟು ಹಿಗ್ಗಿಸಿತೇ ಎಂದು ನನಗೆ ಅನುಮಾನ.

2013ರ ಮಲಾಲಾ ಚಿತ್ರದಲ್ಲಿ ಇಂಥ ಯಾವ ಉಪಾಯವೂ ಇಲ್ಲ. ಶಾಲೆಯ ಪಾಠ ಓದುತ್ತಿರುವ ಹುಡುಗಿ, ಅಷ್ಟೇ. ಓದಿದ್ದಕ್ಕಾಗಿ ಗುಂಡೇಟು ತಿಂದವಳಿಗೆ ಬೇರೆ ಸಂಕೇತ ಬೇಕಿರಲಿಲ್ಲ. ಯೋ ಅವರ ಅತ್ಯುತ್ತಮ ಕೃತಿ ಯಾವುದೆಂದು ಕೇಳಿದರೆ ನಾನು ದೊರೆಯನ್ನು ಬಿಟ್ಟು ಈ ಹುಡುಗಿಯನ್ನೇ ತೋರಿಸುತ್ತೇನೆ.